ಎಂಬತ್ತೇಳು

ಮೂವತ್ತೊಂದು ಪಿನ್ನು. ನಾನೇ ಎಣಿಸಿದೆ,
ದಾದಿ ಒಂದೊಂದೇ ಕಿತ್ತು ಬಟ್ಟಲಿಗೆ ಹಾಕುವಾಗ
ಟಿಣ್ ಎಂಬ ಸದ್ದಿಗೆ ಲೆಕ್ಕ ತಪ್ಪಲಿಲ್ಲ.
ನಲವತ್ತು ವರ್ಷ ಲಿಸ್ಬನ್ನಿನ ಕಾಲುಹಾದಿಗೆ
ಕಲ್ಲು ಕೂರಿಸಿದವನಿಗೆ
ಎಣಿಕೆ ಬೆರಳಲ್ಲೇ ಇರುತ್ತದೆ.

ಬಿಳಿಯದೊಂದು, ಕರಿಯದೊಂದು,
ಅಂಗೈಯಲ್ಲಿ ಹಿಡಿದು ಸುತ್ತಿಗೆಯ ಮೂತಿಯಿಂದ ಒಂದೇ ಏಟು,
ಬೇಡದ ಮೂಲೆಯನ್ನು ಕಲ್ಲು ತಾನೇ ಬಿಟ್ಟುಕೊಡುತ್ತಿತ್ತು.
ಬಿಸಿಲಿಗೆ, ಸಮುದ್ರದ ಚಳಿಗಾಳಿಗೆ,
ಮೇಯರನ ಮೆರವಣಿಗೆ ಬರುವ ಹಿಂದಿನ ರಾತ್ರಿಗೆ,
ನಾಯಿ ಕಾಲೆತ್ತುವ ಕಂಬದ ಬುಡಕ್ಕೆ
ಮಂಡಿಯೂರಿದೆ.
ಯಾರೊಬ್ಬರಿಗೂ ಮಂಡಿಯೂರಲಿಲ್ಲ
ಎಂದು ಜಾಸಿಂತುವಿನ ಅಂಗಡಿಯಲ್ಲಿ
ಎರಡನೇ ಲೋಟದ ಮೇಲೆ ಕೊಚ್ಚಿಕೊಂಡದ್ದೂ ಉಂಟು.
ಮಂಡಿಗೆ ಆ ವ್ಯತ್ಯಾಸ ತಿಳಿಯಲೇ ಇಲ್ಲ.

ಈಗ ನನ್ನದೇ ಚಿಪ್ಪಿನ ಹಿಂದೆ
ಯಾವುದೋ ಊರಿನ ಲೋಹ, ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆ.
ಯಾರೋ ನನ್ನಂಥವನೇ
ತಟ್ಟಿ, ಒಂದು ಕಣ್ಣು ಮುಚ್ಚಿ ಮಟ್ಟ ನೋಡಿ
ಕೂರಿಸಿರಬೇಕು.
ಸಂದಿಗೆ ಮರಳು ತುಂಬಿದೆಯಾ ಎಂದು ಕೇಳಲು
ನನಗೆ ಎಚ್ಚರವಿರಲಿಲ್ಲ.

ಮೂರನೇ ಮಹಡಿ, ಅರವತ್ತೆರಡು ಮೆಟ್ಟಿಲು.
‘ಹತ್ತುವಾಗ ಒಳ್ಳೆಯದು ಮೊದಲು, ಇಳಿಯುವಾಗ ಕೆಟ್ಟದ್ದು’
ಎಂದು ಇವೋನಿ ವ್ಯಾಯಾಮ ಕಲಿಸಿದರೆ
ಎರ್ಮೆಲಿಂದಾ ಅಡುಗೆಮನೆಯಿಂದಲೇ ಕೇಳುತ್ತಾಳೆ:
‘ಇವನಲ್ಲಿ ಒಳ್ಳೆಯದು ಯಾವುದು, ಅದನ್ನು ಮೊದಲು ಹೇಳಮ್ಮಾ.’

ರಾತ್ರಿ ಮೂರಕ್ಕೆ ಕಾಲು ಹಂಚಿನ ಹಾಗೆ ಕಾಯುತ್ತದೆ.
ಶುಕ್ರವಾರಕ್ಕೆಂದು ಇಟ್ಟ ಮೀನಿನ ಪೊಟ್ಟಣವನ್ನು ಫ್ರೀಜರಿನಿಂದ ತೆಗೆದು
ಟವೆಲು ಸುತ್ತಿ ಮಂಡಿಗೆ ಇಡುತ್ತಾಳೆ,
‘ಅರ್ಧ ನಿನ್ನ ಮೇಲೇ ಬೇಯಲಿ, ಗ್ಯಾಸು ಉಳಿಯುತ್ತೆ.’
ಬೆಳಿಗ್ಗೆ ಹೊಟ್ಟೆಗೊಂದು ಸೂಜಿ, ರಕ್ತ ಗಟ್ಟಿಯಾಗದಂತೆ.
ಅವಳ ಹಳೆಯ ಸಿಟ್ಟಿಗೆ ಈಗ ಡಾಕ್ಟರ ಚೀಟಿಯಿದೆ.

ಎಪ್ಪತ್ತೊಂದು. ಎಂಬತ್ತು. ಎಂಬತ್ತೇಳು.
ಇವೋನಿಯ ಕೋನಮಾಪಕಕ್ಕೆ ತೊಂಬತ್ತು ಬೇಕು.
ತೊಂಬತ್ತು ಬಂದರೆ ಕುರ್ಚಿ, ಟ್ರಾಮು, ಕಕ್ಕಸು
ಎಲ್ಲವೂ ನಿಮ್ಮದು ಅಂಕಲ್.
‘ಮಂಡಿಯೂರುವುದು?’
ಅವಳು ಮಾಪಕವನ್ನು ಮಡಿಸಿ ಚೀಲಕ್ಕೆ ಹಾಕಿ
ಚೀಲದ ಜಿಪ್ಪನ್ನು ಬಹಳ ಹೊತ್ತು ಎಳೆದಳು.

ಕಿಟಕಿಯ ಕೆಳಗೆ, ಮೀನಂಗಡಿಯ ತಿರುವಿನಲ್ಲಿ
ನಾನೇ ಹಾಸಿದ ಕರಿ ಅಲೆಯಲ್ಲೊಂದು ಕಲ್ಲು ಎದ್ದಿತ್ತು.
ಯಾವನದೋ ವ್ಯಾನು.
ಒಂದಿದ್ದದ್ದು ನಾಲ್ಕಾಯಿತು.
ಒಂಬತ್ತು ದಿನ ನೋಡಿದೆ, ನಾಲಿಗೆ
ಬಿದ್ದ ಹಲ್ಲಿನ ಜಾಗಕ್ಕೇ ಹೋಗುವ ಹಾಗೆ.

ಹತ್ತನೆಯ ದಿನ, ನನ್ನ ಗೊಣಗು ತಾಳದೆ
ಎರ್ಮೆಲಿಂದಾ ಏಪ್ರನ್ನಿನಲ್ಲೇ ಇಳಿದಳು,
ಬಕೆಟಿನಲ್ಲಿ ಬೆಕ್ಕಿನ ಮರಳು, ಕಂಕುಳಲ್ಲಿ ನನ್ನ ದಿಂಬು,
ಕೈಯಲ್ಲಿ ಸುತ್ತಿಗೆ.
‘ಎಡಕ್ಕೆ! ಮೊದಲು ಮರಳು! ಬಡಿಯಬೇಡ, ತಟ್ಟು!’
ತಲೆ ಎತ್ತದೆ ಅವಳು ಅಂದ ಮಾತು
ಇಲ್ಲಿ ಬರೆಯುವಂಥದಲ್ಲ.
ಜನ ಅವಳನ್ನು ಬಳಸಿ ಹೋದರು,
ನನ್ನನ್ನು ಬಳಸಿ ಹೋಗುತ್ತಿದ್ದಂತೆಯೇ, ನೀರು ಕಂಬವನ್ನು ಬಳಸಿದಂತೆ.

ಮಂಡಿಯೂರಿದವರನ್ನು ಮೇಲಿನಿಂದ ನೋಡಿರಲಿಲ್ಲ ನಾನು.
ಆಕಾಶಕ್ಕೆ ಮುಖ ಮಾಡಿದ ಎರಡು ಚಪ್ಪಲಿಯಟ್ಟೆ,
ಬಲಗಾಲಿನದು ಹೊರ ಅಂಚಿಗೆ ಸವೆದಿದೆ.
ನಲವತ್ತು ವರ್ಷ ಕೆಲವು ಮಧ್ಯಾಹ್ನ
ಇದೇ ಕಿಟಕಿಯಿಂದ ಅವಳು
ನನ್ನ ಬೂಟಿನ ತಳ ನೋಡಿರಬೇಕು.
ಒಮ್ಮೆಯೂ ಹೇಳಲಿಲ್ಲ.

ನಾಲ್ಕೂ ಕೂತವು. ಮೂರನೆಯದು ತಲೆಕೆಳಗು,
ಮುಖ ಮಣ್ಣಿಗೆ.
ಕಂಡೆ. ಬಾಯಿ ಬಿಡಲಿಲ್ಲ.

ಮೆಟ್ಟಿಲಲ್ಲಿ ಅವಳ ಮಂಡಿ ಕಟಕ್ಕೆನ್ನುವುದು
ಒಂದೊಂದು ಮಹಡಿಗೂ ಹತ್ತಿರವಾಗುತ್ತಾ ಬಂತು.
ಬಾಗಿಲು ತೆಗೆದೆ.
ತೆಗೆದ ಮೇಲೆ ನೋಡಿದರೆ
ವಾಕರು ಕಿಟಕಿಯ ಬಳಿಯೇ ನಿಂತಿದೆ, ಬೀದಿ ನೋಡುತ್ತಾ.
ಅದಕ್ಕೂ ಬೈಸಿಕೊಂಡೆ.

ಶುಕ್ರವಾರ ಇವೋನಿ ಅಳೆದಳು.
ಎಂಬತ್ತೇಳು. ಬುಧವಾರದ್ದೇ.
ಮತ್ತೊಮ್ಮೆ ಅಳೆದಳು, ಅಷ್ಟೇ.
ಮೀನು ಹುರಿಯುವುದನ್ನು ಬಿಟ್ಟು ಬಂದ ಎರ್ಮೆಲಿಂದಾ
ಎದುರು ಕುರ್ಚಿಯಲ್ಲಿ ಕೂತು
ಲಂಗವನ್ನು ಮಂಡಿಯ ಮೇಲಕ್ಕೆ ಸರಿಸಿದಳು:
‘ಹಾಗೇ ನನ್ನದೂ ಒಂದು ಸಲ ನೋಡಮ್ಮಾ.’